ಶಿಬಿರದ ಗೌಸ
ವಿದ್ಯಾಪೀಠದ ನಾಯಕತ್ವ ಶಿಬಿರ ಬಂತೆಂದರೆ ಬಿಳೂರಿನ ಗೌಸನಿಗೆ ಹುರುಪಿನಲ್ಲಿ ಊಟ ಸೇರುತ್ತಿರಲಿಲ್ಲ. "ಹೆಸರು ಕೊಡ್ರಿ, ಉಳಿದದ್ದು ನಾ ನೋಡ್ಕೋತೀನಿ" ಎಂದು ಹೊಸ ಹುಡುಗ ಹುಡುಗಿಯರನ್ನು ಹೊರಡಿಸುವವನೂ ಅವನೇ, ಗುಡ್ಡ ಹತ್ತುವಾಗ ಅವರ ಚೀಲ ಹೊರುವವನೂ ಅವನೇ, ಒಲೆ ಹೂಡಿ ಬೇಳೆಯ ಉಪ್ಪು ನೋಡುವವನೂ ಅವನೇ. ಅವನಿಗಿಂತ ಕಿರಿಯ ವಿದ್ಯಾರ್ಥಿನಿ, ತಿಕೋಂಡಿಯ ಮಾಯಕ್ಕ ಪ್ರತಿ ಶಿಬಿರದಲ್ಲೂ, "ಗೌಸಣ್ಣಾ, ಈ ಸಲ ಡೇರೆ ನಾ ಹಾಕ್ಲೇನು?" ಎಂದು ಕೇಳುವಳು. "ನೀ ಕುಂದ್ರವ್ವಾ, ನಾ ಲಗೂನ ಹಾಕ್ತೀನಿ" ಎನ್ನುವನು. ವಿದ್ಯಾಪೀಠದಲ್ಲಿ ಅವನ ಕಡೆಯ ವರ್ಷ, ಶಿಬಿರ ಮುಗಿದ ದಿನ, ಉಸ್ತುವಾರಿಯ ಸರ್, "ಇನ್ನ ಮುಂದ ಶಿಬಿರ ಯಾರು ನಡಸ್ತೀರಿ?" ಎಂದಾಗ ಗೌಸ ಹೆಮ್ಮೆಯಿಂದ ಮಾಯಕ್ಕನತ್ತ ಕೈ ತೋರಿಸಿದ. "ನನಗ ಒಂದು ಗೂಟಾನೂ ಹೊಡ್ಯಾಕ ಬರೂದಿಲ್ರಿ ಸರ್" ಎಂದಳು ಆಕೆ, ತಲೆ ತಗ್ಗಿಸಿ. ಈಗಲಾದರೂ ಕಲಿಸೋಣವೆಂದು ಗೌಸ ಹೊರಳಿ ನೋಡಿದರೆ ಡೇರೆಗಳನ್ನೆಲ್ಲ ಆಗಲೇ ಬಿಚ್ಚಿ ಮಡಚಿಯಾಗಿತ್ತು. ಅದನ್ನೂ ಅವನೇ ಮಾಡಿ ಮುಗಿಸಿದ್ದ.