ಚೆಂಡುಹೂವಿನ ಘಟಕ

ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಮೇಷ್ಟ್ರು ಚಾಮರಾಜನಗರದಲ್ಲಿ ತರಬೇತಿ ಮುಗಿಸಿ ಬಂದು, ಇನ್ನು ಮುಂದೆ ತಾವು ಪಾಠ ಹೇಳುವುದಿಲ್ಲ ಎಂದು ಘೋಷಿಸಿದರು. ಮೊದಲೂ ಅಷ್ಟೇನೂ ಹೇಳುತ್ತಿರಲಿಲ್ಲವಾದ್ದರಿಂದ ಯಾರೂ ಗಾಬರಿಯಾಗಲಿಲ್ಲ. ಇನ್ನು ಮಕ್ಕಳೇ ಪ್ರಶ್ನೆ ಕೇಳಿ ಮಕ್ಕಳೇ ಉತ್ತರ ಹುಡುಕಬೇಕಂತೆ. ಒಂದೇ ವಸ್ತು ಹಿಡಿದು ಗಣಿತ, ವಿಜ್ಞಾನ, ಸಮಾಜ, ಕನ್ನಡ ಎಲ್ಲವನ್ನೂ ಕಲಿಯಬೇಕಂತೆ. ಅದಕ್ಕೆ ಘಟಕ ಎಂದು ಹೆಸರು. ಮೇಷ್ಟ್ರು ಹಿಡಿದದ್ದು ಚೆಂಡುಹೂವನ್ನು.

ನಮ್ಮೂರು ಹಂಗಳದ ಸುತ್ತ ಆಗ ಎಲ್ಲಿ ನೋಡಿದರೂ ಅದೇ; ಹೂವಿನಿಂದ ಬಣ್ಣ ತೆಗೆಯುವ ಕಾರ್ಖಾನೆಯವರು ಬೀಜ ಕೊಟ್ಟು ಬೆಳೆಸುತ್ತಿದ್ದರು. ಹೂ ಬಿಟ್ಟ ಕಾಲದಲ್ಲೇ ಘಟಕ ನಡೆಸಬೇಕೆಂದು ಮೇಷ್ಟ್ರ ಕೈಪಿಡಿಯಲ್ಲಿತ್ತು. ಹೂ ಬಿಟ್ಟ ಕಾಲದಲ್ಲಿ ಹೆಣ್ಣುಮಕ್ಕಳು ಹೊಲದಲ್ಲಿರುತ್ತಾರೆಂದು ಇರಲಿಲ್ಲ. ಹೀಗಾಗಿ ನಾವು ಹೂ ಕೀಳುತ್ತಿದ್ದಾಗ ಹುಡುಗರು ಕ್ಲಾಸಿನಲ್ಲಿ ಕೂತು ಎಸಳು ಎಣಿಸುತ್ತಿದ್ದರು. ಅದರಲ್ಲೂ ಲೆಕ್ಕ ತಪ್ಪುತ್ತಿತ್ತಂತೆ.

ಹಾಜರಿ ಇನ್ನೂ ಕಮ್ಮಿಯಾದರೆ ನನ್ನನ್ನು ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಮೇಷ್ಟ್ರು ಅವ್ವನಿಗೆ ಹೇಳಿ ಕಳಿಸಿದ್ದರು. ಪರೀಕ್ಷೆ ತಪ್ಪಿದರೆ ಗುಂಡ್ಲುಪೇಟೆಯ ಹೈಸ್ಕೂಲೂ ತಪ್ಪಿದಂತೆ. ನನಗೆ ಹೂ ಕೀಳುವಾಗೆಲ್ಲ ಅದೇ ಸಂಕಟ.

ಘಟಕ ನೋಡಲು ಸಾಹೇಬರೊಬ್ಬರು ಬರುವ ದಿನ, ಕ್ಲಾಸು ತುಂಬಿರಲಿ ಎಂದು ನಮ್ಮನ್ನೂ ಹೊಲದಿಂದ ಕರೆಸಿದರು. ಹುಡುಗರ ಸ್ವಂತ ಕುತೂಹಲದ ಪ್ರಶ್ನೆಗಳನ್ನು ಮೇಷ್ಟ್ರು ಅಷ್ಟರಲ್ಲಾಗಲೇ ಬಾಯಿಪಾಠ ಮಾಡಿಸಿ ಮುಗಿಸಿದ್ದರು. ಆದರೆ ಸಾಹೇಬರು ಪ್ರಶ್ನೆ ಕೇಳೆಂದು ಬೆರಳು ತೋರಿಸಿದ್ದು ನನಗೆ. ಮೇಷ್ಟ್ರ ಮುಖ ಬಾಡಿತು. ನನ್ನ ಹತ್ತಿರ ಇದ್ದದ್ದು ಒಂದೇ ಪ್ರಶ್ನೆ.

"ಈ ಹೂವ ಯಾವಾಗ ಮುಗಿತದೆ ಸಾ?"

ಸಾಹೇಬರು ಹಿಗ್ಗಿಹೋದರು. ವೈಜ್ಞಾನಿಕ ಮನೋಭಾವ ಎಂದರೆ ಇದೇ ಎಂದರು. ಮೇಷ್ಟ್ರಿಗೂ ಜೀವ ಬಂತು. ಬೋರ್ಡಿನ ಮೇಲೆ ವಿಜ್ಞಾನ ಎಂದು ಬರೆದಿದ್ದ ಕಡೆ ನನ್ನ ಪ್ರಶ್ನೆ ಬರೆದು ಅಡಿಗೆರೆ ಎಳೆದರು. ಹಗಲಿನ ಉದ್ದ, ಮಣ್ಣಿನ ತೇವ ಎಂದೆಲ್ಲ ಚರ್ಚೆ ನಡೆಯಿತು. ಯಾಕೆ ಕೇಳಿದೆ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಸಂಜೆ ಅವ್ವನನ್ನೇ ಕೇಳಿದೆ, ಹೂ ಮುಗಿದ ಮಾರನೇ ದಿನದಿಂದ ಸ್ಕೂಲಿಗೆ ಹೋಗಲಾ ಎಂದು. ಅವ್ವ ಹೂವಿನ ಮೂಟೆ ಹೊಲಿಯುತ್ತಿದ್ದಳು, ತಲೆ ಎತ್ತಲಿಲ್ಲ.

"ಹೂವ ಮುಗುದ್ರೆ ಹುರುಳಿ ಕೀಳದು ಅದೆಯಲ್ಲ ಕಣಮ್ಮಿ."

ಆ ವರ್ಷ ನಾನು ಪರೀಕ್ಷೆಗೆ ಕೂರಲಿಲ್ಲ. ಬರೆದು ಬಂದ ಹುಡುಗರು ಹೇಳಿದರು, ಚೆಂಡುಹೂವಿನ ಬಗ್ಗೆ ಒಂದು ಪ್ರಶ್ನೆಯೂ ಬಂದಿರಲಿಲ್ಲವಂತೆ.