ಅಂಬುಜಮ್ಮನ ಜಗಲಿಯ ಬಿಳಿ ಪುಡಿ

ಹಾರೋಹಳ್ಳಿ ಪಕ್ಕದ ನಮ್ಮೂರಿನ ಅಂಬುಜಮ್ಮ ತಾನೇ ಕರೆದ ಹಾಲನ್ನೂ ಮೂಸಿ ಕುಡಿಯುವ ಹೆಂಗಸು. ಮೂವತ್ತು ವರ್ಷ ರೇಷ್ಮೆ ಹುಳು ಸಾಕಿದವಳಿಗೆ ಅನುಮಾನವೇ ಮದ್ದು.

ಎರಡು ಸಾವಿರದ ಆರರಲ್ಲಿ ಅವಳ ಮಗ ಅನಂತರಾಜು ಕೆಲಸಕ್ಕಿದ್ದ ಫ್ಯಾಕ್ಟರಿಯ ಮ್ಯಾನೇಜರ್ ವರ್ಗವಾಗಿ ಹೋಗುವಾಗ ತನ್ನ ಕಾಕಟೂವನ್ನು ಅವನಿಗೆ ಕೊಟ್ಟುಹೋದ. ಕೋಳಿ ಗಾತ್ರದ, ಜುಟ್ಟಿನ ಬಿಳಿ ಗಿಳಿ ಅದು. ಪಂಜರ ನೇತುಹಾಕಿದ ಎರಡೇ ದಿನದಲ್ಲಿ ಜಗಲಿಯ ತುಂಬ ಹಿಟ್ಟಿನಂಥ ಧೂಳು ಕೂತಿತು. ಹುಳುಗಳನ್ನು ಕೊಂದು ಸೀಮೆಸುಣ್ಣದಂತೆ ಸೆಟೆಸುವ ಸುಣ್ಣಕಟ್ಟು ರೋಗ ಇದೇ ಎಂದು ಅಂಬುಜಮ್ಮ ಹೌಹಾರಿದಳು.

“ಅದು ಪುಕ್ಕದ ಪುಡಿ ಕಣವ್ವ, ಪೌಡರ್ ಇದ್ದಂಗೆ,” ಎಂದ ಮಗ.

“ಪೌಡರ್ ಬಳ್ಕೊಳಕ್ಕೆ ಅದೇನ್ ಮದ್ವೆ ಹೆಣ್ಣೇನ್ಲಾ? ನನ್ನ ಹುಳ ಸತ್ರೆ ನಿನ್ನ ಗಿಳಿ ಸಾರಾಯ್ತದೆ!”

ಅಂದಿನಿಂದ ಪಂಜರದ ಚಾಕರಿ ಅವಳದೇ ಆಯಿತು. ಪೊರಕೆ ಆಡಿಸಿದರೆ ಪುಡಿ ಹಾರುತ್ತದೆಂದು ಒದ್ದೆ ಬಟ್ಟೆಯಲ್ಲೇ ಸರಳು ಒರೆಸಿದಳು. ತಳದ ಪೇಪರ್ ದಿನಾ ಬದಲಿಸಿ, ಗಿಳಿಗೂ ನೀರು ಚಿಮುಕಿಸಿದಳು. ಧೂಳು ತಗ್ಗಿತು, ಅನುಮಾನ ತಗ್ಗಲಿಲ್ಲ. ಹತ್ತು ಹುಳುಗಳನ್ನು ಮೊರಕ್ಕೆ ಹಾಕಿ ಪಂಜರದ ಕೆಳಗೇ ಸಾಕ್ಷಿಗೆ ಇಟ್ಟಳು.

ವಾರ ಕಳೆಯುವಷ್ಟರಲ್ಲಿ ಹತ್ತೂ ಸೊಪ್ಪು ತಿಂದು, ಬಲಿತು ಹಣ್ಣಾಗಿ, ಗೂಡು ಕಟ್ಟಿದವು.

“ಈಗೇನಂತೀಯವ್ವ?” ಎಂದು ಮಗ ಬೀಗಿದ.

“ಈ ಸಲ ನಿನ್ನ ಗಿಳಿ ತಪ್ಪಿಸ್ಕೊಂಡೈತೆ ಕಣ್ಲಾ,” ಎನ್ನುತ್ತಾ ಅಂಬುಜಮ್ಮ ಗಿಳಿಯ ಮೋರೆಯನ್ನೇ ದಿಟ್ಟಿಸಿ ಒದ್ದೆ ಬಟ್ಟೆ ಹಿಂಡಿದಳು.