ಬೈಂಡರಕ್ಕನ ಗುಡಾಣ

ಇಪ್ಪತ್ತೆರಡು ವರ್ಷ ಒಂದೇ ಪ್ರೆಸ್ಸಿನಲ್ಲಿ ಪುಸ್ತಕ ಹೊಲಿದವಳನ್ನು ಎಲ್ಲರೂ ಬೈಂಡರಕ್ಕ ಎಂದೇ ಕರೆಯುತ್ತಿದ್ದರು. ಮಡಿಸಿದ ಹಾಳೆಗಳನ್ನು ಜೋಡಿಸಿ, ಬೆನ್ನಿಗೆ ದಾರ ಹಾಕಿ, ಅಂಟು ಬಳಿದು, ಅವಳು ರಟ್ಟು ಕೂರಿಸಿದ ಪುಸ್ತಕ ಗೋಡೆಗೆ ಎಸೆದರೂ ಬಿಚ್ಚಿಕೊಳ್ಳುತ್ತಿರಲಿಲ್ಲ. ನಲವತ್ತೊಂದನೆಯ ವಯಸ್ಸಿನಲ್ಲಿ ಅವಳ ಎರಡೂ ಕಿಡ್ನಿಗಳು ಕೈಕೊಟ್ಟವು. ಕಾಲು ಊದಿಕೊಂಡಾಗ ದಿನವಿಡೀ ನಿಂತದ್ದಕ್ಕೆ ಎಂದುಕೊಂಡಿದ್ದಳು, ಮುಖ ಊದಿಕೊಂಡಾಗ ನಿದ್ದೆ ಸಾಲದ್ದಕ್ಕೆ ಎಂದುಕೊಂಡಳು. ಆಸ್ಪತ್ರೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಕಾಲ ಮಿಂಚಿತ್ತು.

ಅಂದಿನಿಂದ ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್. ಬೆಳಗ್ಗೆ ಏಳಕ್ಕೆ ತೂಕ ನೋಡಿಸಿಕೊಂಡು ಕುರ್ಚಿಯಲ್ಲಿ ಒರಗಿದರೆ ಎಡಗೈಗೆ ಎರಡು ದಪ್ಪ ಸೂಜಿ, ನಾಲ್ಕು ಗಂಟೆ ಕದಲುವಂತಿಲ್ಲ. ದಿನಕ್ಕೆ ಮೂರು ಲೋಟ ನೀರು, ಅಷ್ಟೇ. ಅದರ ಮೇಲೆ ಕುಡಿದ ಒಂದೊಂದು ಗುಟುಕೂ ಹೊರಹೋಗಲು ದಾರಿ ಕಾಣದೆ ಮೈಯಲ್ಲೇ ನಿಲ್ಲುತ್ತಿತ್ತು. ಪ್ರೆಸ್ಸಿನ ಯಜಮಾನರು, "ಮೊದ್ಲು ಹುಷಾರಾಗಮ್ಮ, ನಿನ್ನ ಜಾಗ ಎಲ್ಲಿಗೂ ಹೋಗಲ್ಲ" ಎಂದರು. ಜಾಗ ಎಲ್ಲಿಗೂ ಹೋಗಲಿಲ್ಲ ನಿಜ. ಮರುತಿಂಗಳು ಅವಳ ಸ್ಟೂಲಿನ ಮೇಲೆ ಬೇರೆ ಯಾರೋ ಕೂತಿದ್ದರು.

ಅವಳಿಗೆ ಇದ್ದವಳು ಒಬ್ಬಳೇ ತಂಗಿ. ತಂಗಿಗೆ ಗಂಡ, ಇಬ್ಬರು ಮಕ್ಕಳು, ಪುಟ್ಟ ಮಕ್ಕಳ ಶಾಲೆಯಲ್ಲಿ ಟೀಚರ್ ಕೆಲಸ. ಪರೀಕ್ಷೆ ಮಾಡಿ, "ನಿಮ್ಮ ತಂಗಿ ಕಿಡ್ನಿ ನಿಮಗೆ ಹೊಂದುತ್ತೆ" ಎಂದು ಡಾಕ್ಟರು ಹೇಳಿದ ದಿನ ಅವಳೇ ಅಕ್ಕನ ಕೈ ಹಿಡಿದುಕೊಂಡು, "ನಂಗೆ ಎರಡಿದೆಯಲ್ಲಕ್ಕಾ, ಒಂದು ನೀನಿಟ್ಕೋ" ಎಂದು ನಕ್ಕಿದ್ದಳು. ಇಬ್ಬರೂ ಅತ್ತು, ಮೂಗೊರೆಸಿಕೊಂಡು ಮನೆಗೆ ಹೋಗಿದ್ದರು.

ಅದಾಗಿ ಎಂಟು ತಿಂಗಳು. ಮೊದಲು ಮಕ್ಕಳ ಪರೀಕ್ಷೆ ಅಡ್ಡ ಬಂತು. ಆಮೇಲೆ ಗಂಡನಿಗೆ ವರ್ಗ ಆಗಬಹುದು ಎಂಬ ಮಾತು. ಆಮೇಲೆ ತಂಗಿಗೇ ಜ್ವರ. ಕಡೆಕಡೆಗೆ ಅವಳು ಫೋನ್ ಎತ್ತುವುದೇ ಕಡಿಮೆಯಾಯಿತು. ಎತ್ತಿದರೂ, "ಮಾಡೋಣಕ್ಕಾ, ಮುಂದಿನ ತಿಂಗಳು ಖಂಡಿತ" ಎನ್ನುವಳು. ಸತ್ತವರ ಕಿಡ್ನಿಗಾಗಿ ಕಾಯುವವರ ಪಟ್ಟಿಯೊಂದು ಇತ್ತು. ಮನೆಯವರೇ ಕೊಡುತ್ತೇವೆ ಎಂದ ಮೇಲೆ ಅಲ್ಲಿ ಹೆಸರು ಬರೆಸುವುದು ತಂಗಿಗೆ ಅವಮಾನ ಮಾಡಿದ ಹಾಗೆ ಎಂದು ಬೈಂಡರಕ್ಕ ಆ ಕಡೆ ತಲೆ ಹಾಕಲಿಲ್ಲ.

ಪಕ್ಕದ ಕುರ್ಚಿಯಲ್ಲಿ ಒಬ್ಬ ಮುದುಕರು ಕೂರುತ್ತಿದ್ದರು. ಬಸ್ಸಿನಲ್ಲಿ ಕಂಡಕ್ಟರಾಗಿ ನಿವೃತ್ತರಾದವರು. ಸೂಜಿ ಚುಚ್ಚಿಸಿಕೊಂಡ ಮರುಕ್ಷಣ ಅವರು ಕೈಯಲ್ಲಿ ಹಿಡಿಯುವ ಒಂದು ಗೇಮಿನ ಯಂತ್ರ ತೆಗೆಯುತ್ತಿದ್ದರು. ಅದರಲ್ಲಿ ತರತರದ ವಿಚಿತ್ರ ಪ್ರಾಣಿಗಳು. ಒಬ್ಬೊಬ್ಬರೂ ನಾಲ್ಕು ಪ್ರಾಣಿ ಆರಿಸಿಕೊಂಡು ಒಂದೊಂದಾಗಿ ಕಣಕ್ಕಿಳಿಸಿ ಕಾದಾಡಿಸಬೇಕು. ಎಲ್ಲೋ ಕೂತ ಗುರುತಿಲ್ಲದವರು ಎದುರಾಳಿ. ಇಬ್ಬರೂ ಒಂದೊಂದು ಪಟ್ಟು ಆರಿಸುವ ತನಕ ಆಟ ಕಾಯುತ್ತದೆ, ಆದ್ದರಿಂದ ಒಂದೇ ಕೈ ಸಾಕು.

"ನಲವತ್ತು ವರ್ಷ ಟಿಕೆಟ್ ಹರಿದ ಬೆರಳಮ್ಮಾ, ಸುಮ್ನೆ ಕೂತ್ರೆ ಜೋಮು ಹಿಡಿಯುತ್ತೆ" ಎಂದು ಹೇಳಿ ಅವರೇ ಅವಳಿಗೂ ಕಲಿಸಿದರು. ಅವಳು ಹಳೆಯ ಯಂತ್ರವೊಂದನ್ನು ಕೊಂಡು ದಿಂಬಿನ ಮೇಲೆ ಒರಗಿಸಿ ಬಲಗೈಯಲ್ಲಿ ಆಡತೊಡಗಿದಳು.

ಕಂಡಕ್ಟರಿಗೆ ಮಿಂಚಿನಂತೆ ಎರಗುವ ಪ್ರಾಣಿಗಳೇ ಇಷ್ಟ. ಬೈಂಡರಕ್ಕ ಆರಿಸಿಕೊಂಡದ್ದು ಯಾರೂ ಮೂಸದ ಒಂದನ್ನು. ಮೋಟು ಕಾಲು, ಅರ್ಧ ಮುಚ್ಚಿದ ಕಣ್ಣು, ನೆಲ ಸವರುವ ಹೊಟ್ಟೆ. ಅವಳು ಅದಕ್ಕೆ ಗುಡಾಣ ಎಂದು ಹೆಸರಿಟ್ಟಳು.

"ಅಯ್ಯೋ, ಇದಾ? ಎರಡು ಸೀಟಲ್ಲಿ ಕೂತು ಒಂದೇ ಟಿಕೆಟ್ ಕೇಳೋ ಗಿರಾಕಿ ಇದು! ಹೊಡೆಯೋಕೂ ಬರಲ್ಲ, ಓಡೋಕೂ ಬರಲ್ಲ."

"ಬೀಳೋದೂ ಇಲ್ವಲ್ಲ" ಎಂದಳು ಅವಳು.

ಅವಳು ಕಂಡುಕೊಂಡದ್ದು ಇಷ್ಟೇ: ಬೇರೆ ಪ್ರಾಣಿ ಎರಡು ಏಟಿಗೆ ಮಲಗಿದರೆ ಗುಡಾಣ ಆರು ಏಟು ತಿಂದೂ ನಿಂತಿರುತ್ತದೆ. ಮೊದಲು ಎದುರಾಳಿಯ ಮೇಲೆ ಒಮ್ಮೆ ವಿಷ ಉಗುಳಿಸುವುದು. ಆಮೇಲೆ ಒಂದು ಸಲ ಮೈ ಬಿಗಿದು ಏಟು ತಡೆಯುವುದು, ಮರುಸಲ ಮೆಲುಕು ಹಾಕಿ ಕಳೆದುಕೊಂಡ ಶಕ್ತಿಯನ್ನು ಅರ್ಧದಷ್ಟು ಮರಳಿ ಪಡೆಯುವುದು. ವಿಷ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿರುತ್ತದೆ. ಎದುರಿನವರು ರೋಸಿಹೋಗಿ ತಪ್ಪು ಮಾಡುವ ತನಕ ಕಾಯಬೇಕು. ಕಾಯುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಚಳಿಗಾಲ ಮುಗಿಯುವ ಹೊತ್ತಿಗೆ ಕಂಡಕ್ಟರು ಅವಳ ಜೊತೆ ಆಡುವುದನ್ನೇ ಬಿಟ್ಟರು. "ನಿನ್ ಜೊತೆ ಆಡೋದೂ ಒಂದೇ, ಗೋಡೆಗೆ ತಲೆ ಚಚ್ಚಿಕೊಳ್ಳೋದೂ ಒಂದೇ" ಎಂದರು. ಆದರೆ ನಗರದ ಕಾಲೇಜೊಂದರಲ್ಲಿ ಅರವತ್ತನಾಲ್ಕು ಜನರ ಪಂದ್ಯಾವಳಿ ಇದೆ ಎಂಬ ಸುದ್ದಿ ತಂದವರೂ ಅವರೇ. ಗೆದ್ದವರು ಮೂರು ತಿಂಗಳ ನಂತರ ಬೇರೆ ನಗರದಲ್ಲಿ ನಡೆಯುವ ದೊಡ್ಡ ಪಂದ್ಯಕ್ಕೆ ಹೋಗಬಹುದು.

ಆ ಮೂರು ತಿಂಗಳು ಎಂಬ ಮಾತು ಅವಳ ಎದೆಯಲ್ಲಿ ನಾಟಿತು. ಆಪರೇಷನ್ನಿಗೆ ದಿನ ಗೊತ್ತಾಗಿರಲಿಲ್ಲ, ಕೆಲಸಕ್ಕೆ ಮರಳುವ ದಿನ ಇರಲಿಲ್ಲ. ಕ್ಯಾಲೆಂಡರಿನಲ್ಲಿ ಡಯಾಲಿಸಿಸ್ ಬಿಟ್ಟರೆ ಗುರುತು ಹಾಕಲು ಏನೂ ಇರಲಿಲ್ಲ. ಯಾರೂ ಮುಂದೂಡಲಾಗದ ಒಂದು ತಾರೀಖು ಅವಳಿಗೆ ಬೇಕಾಗಿತ್ತು.

ಪಂದ್ಯ ಇದ್ದದ್ದು ಶನಿವಾರ.

"ಸಿಸ್ಟರ್, ನನ್ನನ್ನ ಶುಕ್ರವಾರಕ್ಕೆ ಹಾಕ್ಕೊಳ್ಳಿ, ಒಂದು ಸಲ" ಎಂದು ನರ್ಸನ್ನು ಕೇಳಿದಳು.

"ಶುಕ್ರವಾರ ಒಂದು ಮೆಷಿನ್ನೂ ಖಾಲಿ ಇಲ್ಲಮ್ಮ. ಭಾನುವಾರ ರಜ. ಸೋಮವಾರನೂ ತುಂಬಿದೆ. ಶನಿವಾರ ತಪ್ಪಿಸಿದ್ರೆ ಗುರುವಾರದಿಂದ ಮಂಗಳವಾರಕ್ಕೆ ಐದು ದಿನ. ಐದು ದಿನ ಅಂದ್ರೆ ಏನು ಗೊತ್ತಲ್ಲ? ಎಲ್ಲಿಗೆ ಹೋಗ್ಬೇಕಿತ್ತು?"

ಗೇಮಿಗೆ ಎಂದು ಹೇಳಲು ಅವಳಿಗೆ ನಾಲಿಗೆ ಏಳಲಿಲ್ಲ. "ನೆಂಟರ ಮನೆಗೆ" ಎಂದಳು. ಕಂಡಕ್ಟರು ಮಾತ್ರ ನರ್ಸ್ ಅತ್ತ ಹೋದ ಮೇಲೆ, "ಬೇಡ ಕಣಮ್ಮಾ, ನಾನು ಹೇಳಿದ್ದೇ ತಪ್ಪಾಯ್ತು. ಬಾಯಿಮುಚ್ಚಿಕೊಂಡು ಇರ್ಬೇಕಿತ್ತು" ಎಂದರು.

ಗುರುವಾರ ಮಧ್ಯಾಹ್ನದಿಂದಲೇ ನೀರನ್ನು ಎರಡು ಲೋಟಕ್ಕೆ ಇಳಿಸಿದಳು. ಶನಿವಾರ ಬೆಳಗ್ಗೆ ತೂಕ ನೋಡಿಕೊಂಡರೆ ಎರಡೂವರೆ ಕಿಲೋ ಜಾಸ್ತಿ. ಚಪ್ಪಲಿಯ ಪಟ್ಟಿ ಕೊನೆಯ ತೂತಿಗೂ ಬರಲಿಲ್ಲ. ತೇಕುತ್ತ, ಎರಡು ಕಡೆ ಕೂತು ಸುಧಾರಿಸಿಕೊಂಡು ಕಾಲೇಜು ತಲುಪಿದಳು.

ಉದ್ದನೆಯ ಹಾಲ್, ಸಾಲು ಮೇಜುಗಳು, ತಿರುಗಿದರೂ ಗಾಳಿ ಬಾರದ ಫ್ಯಾನುಗಳು. ಬಂದವರಲ್ಲಿ ಹೆಚ್ಚಿನವರು ಅವಳ ಅರ್ಧ ವಯಸ್ಸಿನವರು. ಬಾಗಿಲಲ್ಲಿ ಪ್ರತಿಯೊಬ್ಬರಿಗೂ ತಣ್ಣನೆಯ ನೀರಿನ ಬಾಟಲಿ ಕೊಡುತ್ತಿದ್ದರು. ಅವಳು ಅದನ್ನು ಮುಟ್ಟಿ ನೋಡಿ ವಾಪಸ್ಸು ಇಟ್ಟಳು. ನಿಯಮವನ್ನು ತೀರ್ಪುಗಾರ ಮೈಕಿನಲ್ಲಿ ಹೇಳಿದ: ಒಂದು ಆಟಕ್ಕೆ ಇಪ್ಪತ್ತು ನಿಮಿಷ, ಅಷ್ಟರಲ್ಲಿ ಮುಗಿಯದಿದ್ದರೆ ಯಾರ ಬಳಿ ಹೆಚ್ಚು ಪ್ರಾಣಿ ಉಳಿದಿವೆಯೋ ಅವರು ಗೆದ್ದಂತೆ. ಲೆಕ್ಕ ಸಮವಾದರೆ ಉಳಿದ ಶಕ್ತಿ ನೋಡುತ್ತಾರೆ. ಅವಳ ಮುಖ ಅರಳಿತು. ಇಪ್ಪತ್ತು ನಿಮಿಷ ನಿಲ್ಲುವುದು ಗುಡಾಣಕ್ಕೆ ಯಾವ ಮಹಾ?

ಮೊದಲ ಸುತ್ತಿನಲ್ಲಿ ಎದುರು ಕೂತವನು ಏಳನೆಯ ನಿಮಿಷಕ್ಕೇ ಕಾಲು ಕುಣಿಸತೊಡಗಿದ. "ಆಂಟಿ, ಒಂದಾದ್ರೂ ಏಟು ಹೊಡೀರಿ" ಎಂದ. ಅವಳು ಮೆಲುಕು ಒತ್ತಿದಳು. ಅವನು ಸೋತು, ಕೈಯನ್ನೂ ಕುಲುಕದೆ ಎದ್ದುಹೋದ. ಎರಡನೆಯವಳು ಜಾಣೆ, ವಿಷ ತಟ್ಟದ ಪ್ರಾಣಿ ತಂದಿದ್ದಳು. ಬೈಂಡರಕ್ಕ ಉಳಿದ ಮೂರನ್ನು ಒಂದೊಂದಾಗಿ ಬಲಿಕೊಟ್ಟು ಆ ಪ್ರಾಣಿಯನ್ನು ಕೆಡವಿ, ಕೊನೆಗೆ ಗುಡಾಣವನ್ನು ಇಳಿಸಿ, ಕೂದಲೆಳೆಯಲ್ಲಿ ಗೆದ್ದಳು. ಮೂರನೆಯ ಸುತ್ತಿನ ಹೊತ್ತಿಗೆ ಕೆಮ್ಮು ಶುರುವಾಗಿತ್ತು. ಎದೆಯ ಆಳದಲ್ಲಿ ಏನೋ ಗುಳುಗುಳು ಎನ್ನುವಂಥದು. ಆ ಸುತ್ತನ್ನೂ ಗೆದ್ದಳು. ಅರವತ್ತನಾಲ್ಕರಲ್ಲಿ ಎಂಟು ಜನ ಉಳಿದರು.

ನಾಲ್ಕನೆಯ ಸುತ್ತಿಗೆ ಎದುರಾದವನು ಟ್ಯಾಕ್ಸಿ ಓಡಿಸುವವನು. ಮೂವತ್ತೈದರ ಆಸುಪಾಸು, ಭಾರಿ ಆಳು. ಬಾಡಿಗೆ ಇಲ್ಲದ ಹೊತ್ತಿನಲ್ಲಿ ಗಾಡಿಯಲ್ಲೇ ಕೂತು ಆಡಿ ಆಡಿ ಪಳಗಿದವನು. ಅವನ ಬಳಿ ಪ್ರತಿ ಸರದಿಗೂ ಬಲ ಹೆಚ್ಚಿಸಿಕೊಳ್ಳುವ ಕೊಂಬಿನ ಪ್ರಾಣಿ ಇತ್ತು. ಹದಿನೇಳು ನಿಮಿಷ ಕಳೆಯುವಾಗ ಇಬ್ಬರ ಬಳಿಯೂ ಉಳಿದದ್ದು ಒಂದೊಂದೇ: ಅವನ ಕೊಂಬಿನದು, ಇವಳ ಗುಡಾಣ. ಗುಡಾಣದ ಶಕ್ತಿ ಕೂದಲಷ್ಟು ಮೇಲಿತ್ತು.

ಅಷ್ಟರಲ್ಲಿ ಅವಳಿಗೆ ಉಸಿರು ಸಿಗದೆ ಹೋಯಿತು. ಬಾಯಿ ತೆರೆದರೂ ಗಾಳಿ ಗಂಟಲಲ್ಲೇ ನಿಲ್ಲುತ್ತಿತ್ತು. ತುಟಿ ನೀಲಿಗಟ್ಟಿತು. ಎಡಗೈಯಿಂದ ಮೇಜಿನ ಅಂಚು ಹಿಡಿದು ಮುಂದಕ್ಕೆ ಬಾಗಿ ಬಲಗೈ ಹೆಬ್ಬೆರಳಿನಿಂದ ತಡೆ ಒತ್ತಿದಳು.

"ಅಕ್ಕಾ, ಏನಾಯ್ತು ನಿಮಗೆ?" ಟ್ಯಾಕ್ಸಿಯವನು ಅರ್ಧ ಎದ್ದ.

"ಕೂ... ಕೂತ್ಕೊ. ಆಡು. ಮೂರು ನಿಮಿಷ."

"ಮುಖ ನೋಡ್ಕೊಂಡಿದೀರಾ? ಆಸ್ಪತ್ರೆಗೆ ಹೋಗೋಣ, ಏಳಿ."

"ಎದ್ರೆ ಸೋತ ಹಾಗೆ. ಆಡಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ, ಆಡು."

ಅವನು ತನ್ನ ಯಂತ್ರವನ್ನು ನೋಡಿದ, ಅವಳನ್ನು ನೋಡಿದ. ಆಮೇಲೆ ಯಂತ್ರವನ್ನು ಮಗುಚಿ ಹಾಕಿ ತೀರ್ಪುಗಾರನಿಗೆ ಕೇಳುವಂತೆ ಕೂಗಿದ: "ಬಿಟ್ಟುಕೊಟ್ಟೆ! ಇವರೇ ಗೆದ್ರು ಅಂತ ಬರ್ಕೊಳ್ಳಿ!"

"ಬೇಡ" ಎಂದಳು ಬೈಂಡರಕ್ಕ. ಕಣ್ಣಲ್ಲಿ ನೀರು ಉಕ್ಕಿತು. "ಬೇಡ, ಹಂಗೆ ಕೊಡ್ಬೇಡ ನಂಗೆ. ದಾನ ಬೇಡ. ನಿಂತು ಗೆಲ್ತೀನಿ."

"ಆಮೇಲೆ ಬೈಯ್ರಿ" ಎಂದು ಅವನು ಅವಳನ್ನು ಅನಾಮತ್ತಾಗಿ ಎತ್ತಿಕೊಂಡು ಹೊರಗೆ ನಡೆದ.

ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಅವಳಿಗೆ ಒರಗಲು ಆಗುತ್ತಿರಲಿಲ್ಲ, ಒರಗಿದರೆ ಮುಳುಗಿದಂತಾಗುತ್ತಿತ್ತು. ಮುಂದಿನ ಸೀಟನ್ನು ತಬ್ಬಿ ಕೂತಳು. ಅವನು ಹಾರ್ನ್ ಒತ್ತಿಹಿಡಿದು ಓಡಿಸುತ್ತಲೇ ಬೈಯುತ್ತಿದ್ದ. "ಕೊನೇ ಏಟಿಗೆ ನಾನೇ ಗೆಲ್ತಿದ್ದೆ, ಗೊತ್ತಾ? ಎರಡು ವರ್ಷದಿಂದ ಇದಕ್ಕೆ ಕಾಯ್ತಿದ್ದೆ. ಯಾರ್ರೀ ನಿಮ್ಮನ್ನ ಇಂಥ ಸ್ಥಿತೀಲಿ ಮನೆಯಿಂದ ಬಿಟ್ಟಿದ್ದು? ಯಾರೂ ಇಲ್ವಾ ನಿಮಗೆ?" ಕೊನೆಯ ಪ್ರಶ್ನೆಗೆ ಅವಳು ತಂಗಿಯ ನಂಬರು ತೆಗೆದು ಫೋನನ್ನು ಮುಂದಕ್ಕೆ ಚಾಚಿದಳು. ಈ ಸಲ ತಂಗಿ ಎತ್ತಿದಳು.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿ, ತುರ್ತಿಗೆಂದು ಇಟ್ಟ ಡಯಾಲಿಸಿಸ್ ಯಂತ್ರಕ್ಕೆ ಜೋಡಿಸಿದರು. ಮೈಯಿಂದ ಮೂರು ಲೀಟರ್ ನೀರು ಇಳಿಸಿದ ಮೇಲೆ ಉಸಿರು ಹದಕ್ಕೆ ಬಂತು. ಅರ್ಧ ಗಂಟೆ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಸೆಮಿಫೈನಲ್ಲಿಗೆ ಅವಳ ಹೆಸರನ್ನು ಮೂರು ಸಲ ಕೂಗಿ, ಗೈರುಹಾಜರಿ ಎಂದು ಸೋಲು ಬರೆದರಂತೆ.

ತಂಗಿ ಬಂದವಳೇ ಶಾಲೆಯ ಗುರುತಿನ ಚೀಟಿಯನ್ನೂ ಕತ್ತಿನಿಂದ ತೆಗೆಯದೆ ಮಂಚದ ಪಕ್ಕ ನಿಂತಳು.

"ಆಟದ ಸಾಮಾನಿಗೆ ಪ್ರಾಣ ಕೊಡೋಕೆ ಹೊರಟಿದ್ಯಾ? ನಿಂಗೇನು ಬುದ್ಧಿ ನೆಟ್ಟಗಿದೆಯಾ? ಒಂದು ಮಾತು ನಂಗೆ ಹೇಳ್ಬಾರದಾ?"

"ನೀನು ಫೋನ್ ಎತ್ತಿದ್ರೆ ತಾನೇ" ಎಂದಳು ಅಕ್ಕ. ದನಿಯಲ್ಲಿ ಸಿಟ್ಟು ಮಾಡುವಷ್ಟೂ ತ್ರಾಣ ಇರಲಿಲ್ಲ. "ಎಲ್ಲದರಲ್ಲೂ ಬೇರೆಯವರ ಕೈ ನೋಡ್ಕೊಂಡು ಕೂತಿದೀನಿ ಕಣೇ. ಮೆಷಿನ್ ಖಾಲಿ ಇದೆಯಾ, ಸಿಸ್ಟರಿಗೆ ಬಿಡುವಿದೆಯಾ, ನೀನು ಯಾವ ತಿಂಗಳು ಹೂಂ ಅಂತೀಯಾ. ಆ ಆಟದಲ್ಲೊಂದು ಕಡೆ ನಾನೇ ನಿಂತಿದ್ದೆ."

ತಂಗಿ ಸ್ಟೂಲಿನ ಮೇಲೆ ಕುಸಿದಳು. ಚೀಟಿಯ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

"ಅಕ್ಕಾ, ಮಕ್ಕಳ ಪರೀಕ್ಷೆನೂ ಅಲ್ಲ, ಇವರ ವರ್ಗನೂ ಅಲ್ಲ. ಇವರು ಮಾಡು ಅಂತಾನೇ ಹೇಳಿದ್ರು. ನಂಗೇ ಆಗ್ತಿಲ್ಲ. ಆಪರೇಷನ್ ಅಂದ್ರೆ ಎದೆ ಒಡೆದುಹೋಗುತ್ತೆ. ಎರಡು ಸಲ ಆಸ್ಪತ್ರೆ ಗೇಟಿನ ತನಕ ಬಂದು ವಾಪಸ್ಸು ಹೋದೆ. ಫೋನಲ್ಲಿ ನಿನ್ನ ಹೆಸರು ಬಂದ್ರೆ ಬಚ್ಚಲಿಗೆ ಹೋಗಿ ನಿಂತ್ಕೋತೀನಿ." ಅವಳು ತಲೆ ಎತ್ತಿದಳು. "ನಾನು ಕೊಡಲ್ಲ ಅಕ್ಕಾ. ನನ್ನ ಕೈಲಾಗಲ್ಲ."

ಬೈಂಡರಕ್ಕ ಕಣ್ಣು ಮುಚ್ಚಿದಳು. ಎಂಟು ತಿಂಗಳು ಹೆದರಿ ಕೂತಿದ್ದ ಮಾತು ಇದೇ. ಗೋಡೆಗೆ ಮುಖ ಮಾಡಿ, ಆಕ್ಸಿಜನ್ ಮಾಸ್ಕಿನ ಒಳಗೇ ಬಿಕ್ಕಿ ಬಿಕ್ಕಿ ಅತ್ತಳು. ತಂಗಿ ಎದ್ದುಹೋಗಲಿಲ್ಲ. ಬೆನ್ನ ಮೇಲೆ ಕೈ ಇಡಲು ಹೋಗಿ, ಇಡಲಾಗದೆ, ಹೊದಿಕೆಯ ಅಂಚು ಹಿಡಿದು ಕೂತಳು. ಅಳು ಇಳಿದ ಮೇಲೆ ಅಕ್ಕನೇ, "ಇದನ್ನ ಮೊದಲೇ ಹೇಳಿದ್ದಿದ್ರೆ ಪಟ್ಟೀಲಿ ಎಂಟು ತಿಂಗಳು ಮುಂದಿರ್ತಿದ್ದೆ" ಎಂದಳು.

ಮಂಗಳವಾರ ತಂಗಿ ಶಾಲೆಗೆ ರಜ ಹಾಕಿ ಬಂದಳು. ಬೈಂಡರಕ್ಕನ ಕೈಗೆ ಸೂಜಿ ಹಾಕಿಯಾಗಿತ್ತು. ಪಕ್ಕದಲ್ಲಿ ಕಂಡಕ್ಟರು ನಿದ್ದೆ ಬಂದವರಂತೆ ಕಣ್ಣು ಮುಚ್ಚಿಕೊಂಡಿದ್ದರು. ಕಾಯುವವರ ಪಟ್ಟಿಗೆ ಸೇರಲು ನಾಲ್ಕು ಪುಟದ ಅರ್ಜಿ. ಈಗ ಹೆಸರು ಬರೆಸಿದರೆ ಸರದಿ ಬರಲು ನಾಲ್ಕು ವರ್ಷವೋ ಐದು ವರ್ಷವೋ, ಅಷ್ಟು ದಿನ ತಾಳಿದರೆ, ಎಂದು ನರ್ಸ್ ಮುಚ್ಚುಮರೆ ಇಲ್ಲದೆ ಹೇಳಿದ್ದರು. ತಂಗಿ ಮೊಣಕಾಲಿನ ಮೇಲೆ ಅರ್ಜಿ ಇಟ್ಟುಕೊಂಡು, ಪುಟ್ಟ ಮಕ್ಕಳಿಗೆ ಬರೆದು ತೋರಿಸುವ ದುಂಡನೆಯ ಅಕ್ಷರದಲ್ಲಿ ತುಂಬುತ್ತ ಬಂದಳು. ವಯಸ್ಸು, ವಿಳಾಸ, ರಕ್ತದ ಗುಂಪು. ಮೂರನೆಯ ಪುಟದಲ್ಲಿ ಅವಳ ಪೆನ್ನು ನಿಂತಿತು. ದಾನ ಮಾಡಲು ಸಿದ್ಧರಿರುವ ರಕ್ತಸಂಬಂಧಿಗಳು ಇದ್ದಾರೆಯೇ ಎಂದು ಅಲ್ಲಿ ಕೇಳಿತ್ತು.

"ಬರಿ" ಎಂದಳು ಅಕ್ಕ.

ತಂಗಿ "ಇಲ್ಲ" ಎಂದು ಬರೆದಳು. ಹಾಳೆಯನ್ನು ಅಕ್ಕನ ಬಲಗೈ ಕೆಳಗೆ ಸರಿಸಿ, ಅಲುಗಾಡದಂತೆ ಎರಡೂ ಕೈಯಲ್ಲಿ ಒತ್ತಿ ಹಿಡಿದಳು. ಬೈಂಡರಕ್ಕ ಸಹಿ ಹಾಕಿದಳು.